ಕಾವಲು ಗುಂಡು

“ಉಸಿರು ಬಿಗಿ ಹಿಡೀರಿ, ಅಲ್ಲಾಡಬೇಡಿ. ನಮ್ಮ ಪೇಷಂಟುಗಳೇ ನಿಮಗಿಂತ ವಾಸಿ, ಬಾಲ ಮಾತ್ರ ಅಲ್ಲಾಡಿಸ್ತವೆ,” ಎಂದರು ನಾಯಿ ಡಾಕ್ಟರು.

ಗೇರಕ್ಕ ಉಸಿರು ಬಿಗಿ ಹಿಡಿದಳು. ನಾಯಿಗಳಿಗೆಂದು ಮಾಡಿಸಿದ ಎಕ್ಸ್‌ರೇ ಮೇಜಿನ ಮೇಲೆ ಅವಳು ಮೊಣಕಾಲಿನವರೆಗೆ ಮಾತ್ರ ಹಿಡಿಸಿದ್ದಳು. ಉಳಿದ ಕಾಲು ಗಾಳಿಯಲ್ಲಿ ತೂಗುತ್ತಿತ್ತು. ಗಾಜಿನ ಬಾಗಿಲಾಚೆ, ಪಾಳಿಗಾಗಿ ಕಾಯುತ್ತಿದ್ದ ಬೇಟೆನಾಯಿಯೊಂದು ಇದ್ಯಾವ ತಳಿ ಎಂಬಂತೆ ಅವಳನ್ನೇ ದಿಟ್ಟಿಸುತ್ತಿತ್ತು.

“ಅಲ್ವೇ, ಒಂದು ವೇಳೆ ಕಂಡ್ರೆ?” ಬಾಗಿಲ ಸಂದಿಯಿಂದ ಗಂಡ ಕೇಳಿದ.

“ಕಂಡ್ರೆ ಗಾಳಿ ಕತೆ ಮುಗೀತು. ಕಾಣದಿದ್ರೆ ಅವಳು ಗೆಲ್ತಾಳೆ. ಸುಮ್ನಿರ್ರೀ, ಹಿಡಿದ ಉಸಿರೆಲ್ಲ ಹೋಯ್ತು.”

ಗಾಳಿ ಎಂದರೆ ಅವಳ ತಂಗಿ. ಹುಟ್ಟಿದಾಗ ಇಟ್ಟ ಹೆಸರು ಎಲ್ಲೋ ಹಿಂದಿನ ತಿರುವಿನಲ್ಲಿ ಉದುರಿಹೋಗುವಷ್ಟು ಜೋರಾಗಿ ಕಾರು ಓಡಿಸುವವಳು. ಅವಳ ಕಾರು ಎರಡನೇ ಮಹಾಯುದ್ಧಕ್ಕೂ ಮುಂಚೆ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಇಬ್ಬರೇ ಕೂರುವ, ತಲೆಯ ಮೇಲೆ ಸೂರಿಲ್ಲದ, ಉದ್ದ ಮೂತಿಯ ಹಸಿರು ಸ್ಪೋರ್ಟ್ಸ್ ಕಾರು. ಮನೆಯಲ್ಲಿ ಅದನ್ನು ಮಿಡತೆ ಎನ್ನುತ್ತಿದ್ದರು. ಅವತ್ತು ಮಧ್ಯಾಹ್ನ ಗುಡ್ಡದ ಓಟವಿತ್ತು. ಬುಡದಿಂದ ನೆತ್ತಿಗೆ ಒಂದೊಂದೇ ಕಾರು ಹತ್ತಬೇಕು, ಗಡಿಯಾರದ ಜೊತೆ ಪೈಪೋಟಿ. ಹಿಂದಿನ ವರ್ಷ ಇದೇ ಓಟದಲ್ಲಿ, ಮೊಣಕೈಯಂತೆ ಮಡಚಿಕೊಂಡ ತಿರುವಿನಲ್ಲಿ ಮಿಡತೆಯ ಗೇರು ತಾನಾಗಿ ಕಳಚಿ, ಕಾರು ಹಿಂದಕ್ಕೆ ಜಾರಿ, ಒಂದು ಹುಲ್ಲಿನ ಮೆದೆಗೆ ಬೆನ್ನು ಕೊಟ್ಟು ಕೂತುಬಿಟ್ಟಿತ್ತು. ನೆರೆದ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಕ್ಲಬ್ಬಿನವರು ಮಾತ್ರ ನಗಲಿಲ್ಲ. ಇನ್ನೊಂದು ಸಲ ನೆತ್ತಿ ಮುಟ್ಟದಿದ್ದರೆ ಆ ಕಾರಿಗೂ ಅದನ್ನು ಓಡಿಸುವವಳಿಗೂ ಮುಂದೆಂದೂ ಕರೆಯಿಲ್ಲ ಎಂದು ಹೇಳಿ ಕಳಿಸಿದ್ದರು. ಗಾಳಿ ಒಂದು ವರ್ಷ ಸರಿಯಾಗಿ ಊಟ ಮಾಡಲಿಲ್ಲ. ಮಾಡಿದಳೋ ಏನೋ, ಮೈಗೆ ಹತ್ತಲಿಲ್ಲ.

ಹಾಗಾಗಿ ಗೇರುಬಾಕ್ಸು ಗೇರಕ್ಕನ ಬೆಂಚಿಗೆ ಬಂತು. ಈ ಭೂಮಿಯ ಮೇಲೆ ಆ ಕೆಲಸದಲ್ಲಿ ಗೇರಕ್ಕನನ್ನು ಮೀರಿಸುವವರು ಇರಲಿಲ್ಲ. ಬೇರೆ ಗ್ರಹಗಳ ವಿಚಾರ ಗೊತ್ತಿಲ್ಲ, ಆದರೆ ಅಲ್ಲಿಂದ ಕೆಲಸ ಬಂದಿದ್ದರೆ ಅವಳು ಹೇಳಿಕೊಳ್ಳದೆ ಬಿಡುತ್ತಿರಲಿಲ್ಲ. ಆ ಕಾಲದ ಬಾಕ್ಸಿನ ಹಲ್ಲುಗಳು ನೆಟ್ಟಗೆ ಕತ್ತರಿಸಿದವು, ಯಾರ ಮುಲಾಜೂ ಇಲ್ಲದವು. ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ನಿಂತು, ಆಕ್ಸಿಲರೇಟರನ್ನು ಒಮ್ಮೆ ಒತ್ತಿ, ಹಲ್ಲುಗಳ ವೇಗ ಸರಿಹೊಂದಿಸಿ, ಆಮೇಲೆ ಒಳಗೆ ಬಿಡಬೇಕು. ತಪ್ಪಿದರೆ ಕಲ್ಲು ಕಡಿದ ಸದ್ದು. ಗೇರಕ್ಕ ಸವೆದ ಹಲ್ಲು ತೆಗೆದು ಹೊಸದು ಕೂರಿಸಿ, ಬೇರಿಂಗು ಬದಲಿಸಿ, ಬಾಕ್ಸನ್ನು ಕೈಯಲ್ಲಿ ತಿರುಗಿಸಿದರೆ ಅದು ನಿದ್ದೆಯಲ್ಲಿರುವ ಕೂಸಿನ ಹಾಗೆ ಉಸಿರಾಡುತ್ತಿತ್ತು. ಅವಳ ಗೇರನ್ನು ಬೆಣ್ಣೆಗೆ ಹೋಲಿಸಿದರೆ ಅದು ಬೆಣ್ಣೆಗೆ ಮಾಡುವ ಉಪಚಾರ.

ಇನ್ನು ರಿಮೋಟು. ಆ ಕಾರುಗಳಲ್ಲಿ ಗೇರುಬಾಕ್ಸು ಮುಂದೆ, ಪಾದದ ಹತ್ತಿರ ಎಲ್ಲೋ ಇರುತ್ತದೆ. ಓಡಿಸುವವರು ಬಗ್ಗಿ ತಡಕಾಡಬಾರದೆಂದು ಅದರ ಬೆನ್ನ ಮೇಲಿಂದ ಎರಡು ಸೀಟುಗಳ ನಡುವಿನವರೆಗೆ ಒಂದು ಅಲ್ಯೂಮಿನಿಯಂ ತೋಳು ಚಾಚಿ, ಅದರ ತುದಿಯಲ್ಲಿ ಗೇಣುದ್ದದ ಹಿಡಿಕೆ ನೆಟ್ಟಿರುತ್ತಾರೆ. ಕೈ ಜಾರಿದಲ್ಲೇ ಗೇರು. ಮಿಡತೆಯ ರಿಮೋಟು ಸವೆದು ಸವೆದು, ಹಿಡಿಕೆಯನ್ನು ಅಲ್ಲಾಡಿಸಿದರೆ ಗಂಜಿಯಲ್ಲಿ ಸೌಟು ಆಡಿಸಿದಂತಿತ್ತು. ಹಿಡಿಕೆಯ ಬುಡದ ಗೋಲಿ ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಗೇರಕ್ಕ ಅದಕ್ಕೆ ಕಂಚು ಕರಗಿಸಿ ಮೆತ್ತಿ, ಅರದಲ್ಲಿ ಉಜ್ಜಿ, ನೀಲಿ ಬಣ್ಣ ಸವರಿ, ಕುಣಿಯಲ್ಲಿಟ್ಟು ತಿರುಗಿಸಿ, ಬಣ್ಣ ಎಲ್ಲಿ ಹತ್ತಿತೋ ಅಲ್ಲಿ ಮತ್ತೆ ಉಜ್ಜಿ, ಕೊನೆಗೆ ಚಂದ್ರನೇ ಬಂದು ಅಳತೆ ಕೇಳುವಷ್ಟು ದುಂಡಗೆ ಮಾಡಿದಳು.

“ಚಂದ್ರನಲ್ಲಿ ಕಲೆಯಿದೆ. ಇದರಲ್ಲಿ ಹುಡುಕು ನೋಡೋಣ,” ಎಂದು ತಂಗಿಯ ಮೂಗಿಗೆ ಹಿಡಿದಿದ್ದಳು.

ಕೊನೆಯ ಕೆಲಸ ಗುಂಡುಗಳದ್ದು. ಬಾಕ್ಸಿನ ಮುಚ್ಚಳದಲ್ಲಿ ಮೂರು ಸರಳುಗಳು ಅಕ್ಕಪಕ್ಕ ಮಲಗಿರುತ್ತವೆ. ಒಂದು ಹಿಂದಕ್ಕೆ ಓಡಿಸುವ ಗೇರನ್ನು ಎಳೆಯುತ್ತದೆ, ಇನ್ನೊಂದು ಒಂದು-ಎರಡನ್ನು, ಮತ್ತೊಂದು ಮೂರು-ನಾಲ್ಕನ್ನು. ಸರಳು ಸರಳಿನ ನಡುವೆ ಬಟಾಣಿ ಗಾತ್ರದ ಉಕ್ಕಿನ ಗುಂಡು. ಒಂದು ಸರಳು ಕದಲಿದರೆ ಗುಂಡು ಪಕ್ಕದ ಸರಳಿನ ಕಚ್ಚಿಗೆ ನುಗ್ಗಿ, ‘ನೀನು ಕದಲಬೇಡ’ ಎಂದು ಒತ್ತಿ ಹಿಡಿಯುತ್ತದೆ. ಗೇರಕ್ಕ ಅದನ್ನು ಕಾವಲು ಗುಂಡು ಎನ್ನುತ್ತಿದ್ದಳು. ಕಾವಲಿಲ್ಲದಿದ್ದರೆ ಅವಸರದ ಕೈಗೆ ಎರಡು ಗೇರು ಒಟ್ಟಿಗೆ ಬೀಳಬಹುದು. ಬಿದ್ದರೆ ಬಾಕ್ಸು ಕಲ್ಲಾಗುತ್ತದೆ, ಹಿಂದಿನ ಚಕ್ರ ಎರಡೂ ಅಲ್ಲೇ ಸತ್ತು ನಿಲ್ಲುತ್ತವೆ, ಕಾರು ರಸ್ತೆಯಲ್ಲಿರುವುದಿಲ್ಲ.

ಬೇರೆಯವರು ಈ ಗುಂಡುಗಳನ್ನು ಗ್ರೀಸಿನಲ್ಲಿ ಅಂಟಿಸಿ ಕೂರಿಸುತ್ತಾರೆ. ಗೇರಕ್ಕನಿಗೆ ಗ್ರೀಸು ಆಗದು. ಗ್ರೀಸು ಎಲ್ಲವನ್ನೂ ಮುಚ್ಚಿಡುತ್ತದೆ ಎನ್ನುತ್ತಿದ್ದಳು. ಅವಳು ಗುಂಡುಗಳನ್ನು ತೊಳೆದು ಒರೆಸಿ ದವಡೆಯಲ್ಲಿಟ್ಟುಕೊಂಡು, ಎರಡೂ ಕೈಯಲ್ಲಿ ಸರಳು ಹಿಡಿದು, ಒಂದೊಂದನ್ನೇ ತುಟಿಯಿಂದ ತೂತಿಗೆ ಬಿಡುತ್ತಿದ್ದಳು. ‘ಟಕ್’ ಎಂದರೆ ಕೂತಿತು. ಇದನ್ನು ಕಲಿತದ್ದು ಗಂಡನಿಂದ. ಅವನು ಅದೇ ಕೊಠಡಿಯ ಇನ್ನೊಂದು ಬದಿಯಲ್ಲಿ ಹಳೇ ಕಾರುಗಳ ಸೀಟಿಗೆ ಚರ್ಮ ಹೊದಿಸುವವನು, ಸಣ್ಣ ಮೊಳೆಗಳನ್ನು ಮುಷ್ಟಿಗಟ್ಟಲೆ ಬಾಯಿಗೆ ಸುರಿದುಕೊಂಡು ಒಂದೊಂದಾಗಿ ನಾಲಿಗೆಯಿಂದ ಸುತ್ತಿಗೆಗೆ ದಾಟಿಸುವವನು. ಊರಿಗೆಲ್ಲ ಮೊಳೆಭಾವ. ಮದುವೆಯಾದ ಮೇಲೆ ಅವರಿಬ್ಬರ ನಡುವೆ ಜಗಳವೇ ಆಗಿಲ್ಲವೆಂದು ಹೆಸರಿತ್ತು. ಕಾರಣ ಇಷ್ಟೇ: ಒಬ್ಬರ ಬಾಯಿ ಖಾಲಿಯಿದ್ದಾಗ ಇನ್ನೊಬ್ಬರದ್ದು ತುಂಬಿರುತ್ತಿತ್ತು.

ಹಿಂದಿನ ದಿನ ಸಂಜೆ, ಗುಂಡು ದವಡೆಯಲ್ಲಿದ್ದಾಗಲೇ ಗಾಳಿ ಬಂದು ಬೆಂಚಿನ ಮೇಲೆ ಕುಳಿತಳು. ಅಕ್ಕ ಮಾತಾಡಲಾರದ ಹೊತ್ತು ಅವಳಿಗೆ ಯಾವಾಗಲೂ ಹಬ್ಬ.

“ಅಕ್ಕಾ, ಹೋದ ವರ್ಷ ಕ್ಲಬ್ಬಿನ ಅಧ್ಯಕ್ಷರು ಏನ್ ಮಾಡಿದ್ರು ಗೊತ್ತಾ? ನಾನು ಹಿಂದಕ್ಕೆ ಜಾರ್ತಾ ಇದ್ದೀನಿ, ಅವರು ಕಾರಿನ ಹಿಂದೆ ಕೊಡೆ ಅಡ್ಡ ಹಿಡ್ಕೊಂಡು ನಿಂತಿದ್ರು! ಎಮ್ಮೆ ತಡೆಯೋ ಹಾಗೆ! ‘ಹೋ... ಹೋ... ಹೋ’ ಅಂತ!” ಎಂದು ಇಳಿದು, ಸ್ಪ್ಯಾನರನ್ನೇ ಕೊಡೆ ಮಾಡಿಕೊಂಡು, ಹಿಂದೆ ಹಿಂದೆ ಸರಿಯುತ್ತ ಅಧ್ಯಕ್ಷರ ಮೀಸೆಯನ್ನೂ ನಡುಗಿಸಿ ತೋರಿಸಿದಳು.

ಗೇರಕ್ಕ ಮೂಗಿನಲ್ಲೇ ನಕ್ಕಳು. ಮೊಳೆಭಾವ ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿ ನಕ್ಕ. ನಗು ಮುಗಿದ ಮೇಲೆ ಗೇರಕ್ಕ ಸರಳು ದೂಡಿದಳು, ಮುಚ್ಚಳ ಬಿಗಿದಳು, ರಿಮೋಟು ಕೂರಿಸಿದಳು. ಬಾಕ್ಸು ಕಾರಿಗೆ ಹೋಯಿತು. ನೆಲಹಲಗೆ, ಸೀಟು, ರಿಮೋಟಿನ ಮೇಲೆ ಹೊಸ ಚರ್ಮದ ಹೊದಿಕೆ. ಬೆಳಗಾಗುತ್ತಲೇ ಗಾಳಿ ಮಿಡತೆಯನ್ನು ಟ್ರೇಲರಿಗೆ ಏರಿಸಿಕೊಂಡು ಹೊರಟುಹೋದಳು.

ಆಮೇಲೆ ಚಹಾ ಕುಡಿಯುತ್ತ ಕೂತಿದ್ದ ಗೇರಕ್ಕನ ಲೋಟ ತುಟಿಯ ಹತ್ತಿರವೇ ನಿಂತಿತು. ಮೊದಲ ‘ಟಕ್’ ಅವಳ ಕಿವಿಯಲ್ಲಿ ಇನ್ನೂ ಇತ್ತು. ಎರಡನೆಯದು ಇರಲಿಲ್ಲ.

“ರೀ, ನಾನು ನಿನ್ನೆ ನಕ್ಕಾಗ ಏನಾದ್ರೂ ನುಂಗಿದೆನಾ?”

“ನಗೋದನ್ನ ನುಂಗಿದೆ. ಬೇರೆ ಏನು ಅಂತ ನಂಗೇನು ಗೊತ್ತು?”

ಒಂದೋ ಗುಂಡು ಬಾಕ್ಸಿನಲ್ಲಿತ್ತು, ಇಲ್ಲವೇ ಅವಳಲ್ಲಿತ್ತು. ಗಾಳಿಗೆ ಫೋನು ಹಚ್ಚಿದರೆ ಎತ್ತಲಿಲ್ಲ. ಅಷ್ಟು ಎಂಜಿನ್ನುಗಳ ಗದ್ದಲದಲ್ಲಿ ಎತ್ತುವುದೆಲ್ಲಿ ಬಂತು? ಹೋಗಿ ಬಾಕ್ಸು ಬಿಚ್ಚೋಣವೆಂದರೆ ಗುಂಡು ಸರಳುಗಳ ನಡುವಿನ ಗೂಡಿನಲ್ಲಿದೆ. ಸೀಟು, ಹಲಗೆ, ರಿಮೋಟು, ಮುಚ್ಚಳ, ಸರಳು ಎಲ್ಲ ಕಳಚಬೇಕು. ಅಷ್ಟರಲ್ಲಿ ಓಟ ಮುಗಿದು ಬಾವುಟ ಮಡಚಿರುತ್ತಾರೆ. ಬರೀ ಅನುಮಾನಕ್ಕೆ ತಂಗಿಯ ಓಟ ತಪ್ಪಿಸುವುದೇ? ಅನುಮಾನವಿದ್ದೂ ಬಿಡುವುದೇ? ಬಾಕ್ಸನ್ನು ಬಿಚ್ಚಿ ನೋಡಲಾಗದಿದ್ದರೆ ತನ್ನನ್ನೇ ನೋಡಿಸಿಕೊಳ್ಳಬೇಕು ಎಂದು ಗೇರಕ್ಕ ತೀರ್ಮಾನಿಸಿದಳು. ರಜಾದಿನ ಬೆಳಗ್ಗೆ ತೆರೆದಿದ್ದದ್ದು ಪಕ್ಕದ ನಾಯಿ ಆಸ್ಪತ್ರೆ ಒಂದೇ.

“ಮನುಷ್ಯರಿಗೆ ಮಾಡೋ ಹಾಗಿಲ್ಲ, ನನ್ನ ಲೈಸೆನ್ಸು ಹೋಗತ್ತೆ,” ಎಂದಿದ್ದರು ಡಾಕ್ಟರು.

“ನನ್ನನ್ನ ಮನುಷ್ಯಳು ಅಂತ ಯಾರು ಹೇಳಿದ್ದು? ನಮ್ಮ ಅತ್ತೇನ ಕೇಳಿ ನೋಡಿ,” ಎಂದು ಗೇರಕ್ಕ ಮೇಜು ಹತ್ತಿಬಿಟ್ಟಿದ್ದಳು.

ಈಗ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. ಪಕ್ಕೆಲುಬಿನ ಕೆಳಗೆ, ಬೂದು ಮಬ್ಬಿನ ನಡುವೆ, ಬೆಳ್ಳಗೆ, ದುಂಡಗೆ, ಅಂಚು ಒಂದಿಷ್ಟೂ ಹರಿಯದೆ ಕಾಣಿಸಿತು.

“ಅಭಿನಂದನೆ. ಒಂದೇ ಇದೆ, ಗುಂಡುಗುಂಡಾಗಿದೆ,” ಎಂದರು ಡಾಕ್ಟರು, ಅಭ್ಯಾಸಬಲದಿಂದ. “ಭಯ ಬೇಡ. ನಾಳೆ ನಾಡಿದ್ದರಲ್ಲಿ ತಾನೇ ಆಚೆ ಬರತ್ತೆ.”

“ನಂಗೆ ಭಯ ನನ್ನ ಹೊಟ್ಟೇದಲ್ಲ ಡಾಕ್ಟ್ರೇ. ವ್ಯಾನು ತೆಗೀರಿ.”

ನಾಯಿ ಆಸ್ಪತ್ರೆಯ ವ್ಯಾನು ಆ ದಿನ ಹೋದ ವೇಗಕ್ಕೆ, ಹಿಂದೆ ಬೊಗಳಿದ ಬೀದಿನಾಯಿಗಳ ಸದ್ದು ಅವರನ್ನು ಮುಟ್ಟಿದ್ದು ಮರುದಿನ. ಇಲ್ಲೊಂದು ವಿಷಯ ಹೇಳಬೇಕು. ಲೋಕದ ಗೇರುಗಳನ್ನೆಲ್ಲ ಆಳುತ್ತಿದ್ದ ಗೇರಕ್ಕನಿಗೆ ಕಾರಿನಲ್ಲಿ ಕೂತರೆ ಆಗುತ್ತಿರಲಿಲ್ಲ. ಸೈಕಲ್ಲಿಗಿಂತ ಜೋರಾಗಿ ಹೋಗುವ ಯಾವುದರಲ್ಲೂ ಅವಳ ಹೊಟ್ಟೆ ತೊಳೆಸುತ್ತಿತ್ತು, ಕೈಕಾಲು ತಣ್ಣಗಾಗುತ್ತಿತ್ತು. ತಂಗಿ ಎಷ್ಟು ಸಲ ಕರೆದರೂ ಪಕ್ಕದ ಸೀಟಿನಲ್ಲಿ ಕೂತವಳಲ್ಲ. “ನಾನು ಒಳಗಿನವಳು. ಮೇಲೆ ಕೂತು ಮೆರೆಯೋದು ನಿಮ್ಮಂಥವರ ಕೆಲಸ” ಎಂದು ಜಂಬದಲ್ಲಿ ಮುಚ್ಚಿಬಿಡುತ್ತಿದ್ದಳು. ವ್ಯಾನಿನಲ್ಲೂ ಕಿಟಕಿಯಾಚೆ ತಲೆ ಹಾಕಿ ಕಣ್ಣು ಮುಚ್ಚಿಕೊಂಡೇ ಬಂದಳು. ಡಾಕ್ಟರಿಗೆ ಅದು ವಿಶೇಷವೆನಿಸಲಿಲ್ಲ, ಅವರ ವ್ಯಾನಿನಲ್ಲಿ ಎಲ್ಲರೂ ಹಾಗೇ ಬರುತ್ತಿದ್ದರು.

ಗುಡ್ಡದ ಬುಡದಲ್ಲಿ ಹೊಸ ಕಾರುಗಳೆಲ್ಲ ಹತ್ತಿ ಮುಗಿಸಿದ್ದವು. ಹಳೆಯವು ಸಾಲಾಗಿ ನಿಂತಿದ್ದವು. ಮಿಡತೆಯ ಮುಂದೆ ಎರಡೇ ಕಾರು. ಗೇರಕ್ಕ ವ್ಯಾನಿನಿಂದ ಇಳಿದು, ಗಂಡನನ್ನೂ ಡಾಕ್ಟರನ್ನೂ ಹಿಂದೆ ಬಿಟ್ಟು ಓಡಿ ಬಂದು, ಬಾನೆಟ್ಟಿನ ಮುಂದೆ ನಿಂತು, ಎಕ್ಸ್‌ರೇ ಫಿಲ್ಮನ್ನು ಸೂರ್ಯನಿಗೆ ಅಡ್ಡಲಾಗಿ ಎತ್ತಿ ಹಿಡಿದಳು.

“ಏನಕ್ಕಾ ಅದು? ಯಾರ್ದು?”

“ನಂದು! ಆ ಬೆಳ್ಳಗಿರೋದು ನಿಂದು! ಒಂದು-ಎರಡು, ಮೂರು-ನಾಲ್ಕರ ನಡುವಿನ ಕಾವಲು. ಬಾಕ್ಸಲ್ಲಿಲ್ಲ, ನನ್ನ ಹೊಟ್ಟೇಲಿದೆ. ಇಳಿ.”

ಗಾಳಿ ಫಿಲ್ಮು ನೋಡಿದಳು, ಅಕ್ಕನ ಹೊಟ್ಟೆ ನೋಡಿದಳು, ನಕ್ಕಳು. ಅಕ್ಕನ ಮುಖ ಕಂಡು ನಗು ನಿಂತಿತು.

“ನಾನು ಮೆಲ್ಲಗೆ ಹಾಕ್ತೀನಿ ಅಕ್ಕ. ನಡುವೆ ಒಂದು ಉಸಿರು ನಿಲ್ಲಿಸಿ, ನಾಜೂಕಾಗಿ...”

“ನೀನು? ಮೆಲ್ಲಗೆ? ಹುಟ್ಟುವಾಗ್ಲೇ ಅವಸರ ತಡೀದೆ ಎರಡು ತಿಂಗಳು ಮುಂಚೆ ಬಂದವಳು. ಮೊದಲ ತಿರುವು ಕಂಡ್ರೆ ನಿಂಗೆ ನಿನ್ನ ಹೆಸರೇ ಮರೆಯತ್ತೆ. ಇಳಿ ಅಂದ್ರೆ ಇಳಿ.”

“ಇಳಿಯಲ್ಲ.” ಗಾಳಿ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದಳು. ಅವಳ ದನಿ ಸಣ್ಣದಾಗಿತ್ತು. “ಈ ಸಲ ನಿಂತ್ರೆ ಮುಗೀತಕ್ಕ. ಆಮೇಲೆ ನಾನು ಇದನ್ನ ಎಲ್ಲಿ ಓಡಿಸ್ಲಿ? ಅಂಗಡಿಗೆ ಹೋಗ್ಲಾ?”

ಮುಂದಿನ ಕಾರು ಹೊರಟಿತು, ಸಾಲು ಒಂದು ಹೆಜ್ಜೆ ಸರಿಯಿತು. ಗೇರಕ್ಕನ ಕಣ್ಣು ಸೀಟುಗಳ ನಡುವೆ, ಗಂಡ ಹೊಲಿದ ಹೊಸ ಚರ್ಮದ ಮೇಲೆ ನಿಂತಿತ್ತು. ಅದರಡಿಯಲ್ಲಿ, ರಿಮೋಟಿನ ಮುಂದಿನ ತುದಿಯಲ್ಲಿ, ಅಂಗೈಯಗಲದ ಒಂದು ಮುಚ್ಚಳವಿತ್ತು. ತೆಗೆದರೆ ಮೂರು ಸರಳುಗಳ ತುದಿ ಕಾಣುತ್ತದೆ. ಒಂದೊಂದರ ಬೆನ್ನಲ್ಲೂ ಒಂದೊಂದು ಕಚ್ಚು. ಆ ಕಚ್ಚಿಗೆ ಸ್ಕ್ರೂಡ್ರೈವರಿನ ಮೊನೆ ಇಳಿಸಿ ಒತ್ತಿ ಹಿಡಿದರೆ ಆ ಸರಳು ಕದಲದು.

“ರೀ,” ಎಂದಳು. “ಚರ್ಮ ಬಿಚ್ಚಿ.”

“ನಿನ್ನೆ ತಾನೇ ಹೊಲಿದಿದ್ದು ಕಣೇ! ಹೊಲಿಗೆ ನೋಡು, ಇರುವೆ ಸಾಲು ಹೋದ ಹಾಗಿದೆ!”

“ಇರುವೆಗಳನ್ನ ಓಡಿಸಿ.”

ಮೊಳೆಭಾವ ತನ್ನ ಹೊಲಿಗೆಯನ್ನು ತಾನೇ ಹಲ್ಲಿನಿಂದ ಕಚ್ಚಿ ಹರಿದ. ಹರಿಯುವಾಗ ಕಣ್ಣಲ್ಲಿ ನೀರಿತ್ತು ಎಂದು ಡಾಕ್ಟರು ಆಮೇಲೆ ಎಲ್ಲರಿಗೂ ಹೇಳಿದರು. ಮುಚ್ಚಳ ತೆಗೆದಾಗ ಸರಳುಗಳು ಎಣ್ಣೆಯಲ್ಲಿ ಹೊಳೆಯುತ್ತ ಕಂಡವು. ಗೇರಕ್ಕ ಜೇಬಿನಿಂದ ಸ್ಕ್ರೂಡ್ರೈವರು ತೆಗೆದು, ಬಾಗಿಲಿಲ್ಲದ ಕಾರಿನ ಅಂಚು ದಾಟಿ, ತಂಗಿಯ ಪಕ್ಕದಲ್ಲಿ ಕುಳಿತಳು.

“ಅಕ್ಕಾ, ನಿಂಗೆ...”

“ಗೊತ್ತು. ಬಾಯಿ ಮುಚ್ಚಿ ಓಡಿಸು. ನೀನು ಯಾವ ಸರಳನ್ನ ಎಳೀತೀಯೋ, ನಾನು ಇನ್ನೊಂದನ್ನ ಹಿಡಿದಿರ್ತೀನಿ. ಗೇರು ಬದಲಿಸೋವಾಗ ನಡುವೆ ನಿಲ್ತೀಯಲ್ಲ, ಆಕ್ಸಿಲರೇಟರು ಒತ್ತೋಕೆ, ಅಷ್ಟೇ ನನ್ನ ಸಮಯ. ಅಷ್ಟರಲ್ಲಿ ನನ್ನ ಕೈ ಆಚೆಯಿಂದ ಈಚೆಗೆ ಬರಬೇಕು. ಆ ಉಸಿರು ನುಂಗಬೇಡ.”

“ನುಂಗೋದೆಲ್ಲ ನೀನೇ ನುಂಗಿದ್ದೀಯಲ್ಲ.”

ಬಾವುಟದವನು ಬಂದು ಬಗ್ಗಿ ನೋಡಿದ. ಹಳೇ ಕಾರುಗಳ ಗುಂಪಿನಲ್ಲಿ ಮೆಕ್ಯಾನಿಕ್ಕು ಪಕ್ಕದಲ್ಲಿ ಕೂರಬಹುದು, ಹೆಲ್ಮೆಟ್ಟಿದ್ದರೆ ಸಾಕು ಎಂದ. ಅವನದನ್ನೇ ತೆಗೆದು ಗೇರಕ್ಕನ ತಲೆಗಿಟ್ಟರು. ಅದು ಕಣ್ಣಿನವರೆಗೆ ಇಳಿಯಿತು. ಅವಳು ಅದನ್ನು ಮೇಲೆತ್ತಲಿಲ್ಲ. ನೋಡಬೇಕಾದ್ದೇನೂ ಹೊರಗಿರಲಿಲ್ಲ.

ಬಾವುಟ ಇಳಿಯಿತು. ಮಿಡತೆ ಹಾರಿತು.

ಒಂದರಿಂದ ಎರಡಕ್ಕೆ ಒಂದೇ ಸರಳು, ಕೈ ಕದಲಿಸಬೇಕಾಗಿರಲಿಲ್ಲ. ಗೇರಕ್ಕ ಮೂರು-ನಾಲ್ಕನ್ನು ಒತ್ತಿ ಹಿಡಿದು ಬಗ್ಗಿ ಕೂತಿದ್ದಳು. ಅವಳ ಹೊಟ್ಟೆ ಮೊದಲು ಹಿಂದೆ ಉಳಿಯಿತು, ಆಮೇಲೆ ಓಡಿ ಬಂದು ಗಂಟಲಲ್ಲಿ ಕೂತಿತು. ಎರಡನೇ ಗೇರಿನ ರಾಗ ಏರಿ ಏರಿ, ಇನ್ನು ಏರಿದರೆ ಆಕಾಶ ಬಿರಿಯುತ್ತದೆ ಎನ್ನುವಾಗ ಗಾಳಿಯ ಎಡಗಾಲು ಇಳಿಯಿತು. ಹಿಡಿಕೆ ನಡುವಿಗೆ ಬಂತು. ಸರಳು ಮನೆಗೆ ಮರಳಿದ್ದು ಗೇರಕ್ಕನ ಮೊನೆಗೆ ತಿಳಿಯಿತು. ಎಂಜಿನ್ನು ಒಮ್ಮೆ ಗುಟುರು ಹಾಕಿತು. ಆ ಗುಟುರಿನೊಳಗೆ ಮೊನೆ ಒಂದು ಕಚ್ಚಿನಿಂದ ಎದ್ದು ಇನ್ನೊಂದಕ್ಕೆ ಇಳಿಯಿತು. ಮೂರನೇ ಗೇರು ಬಿತ್ತು. ಸದ್ದೇ ಇಲ್ಲ.

ಲೋಕದಲ್ಲಿ ಎಷ್ಟೋ ಜೋಡಿಗಳು ಹಾಡಿದ್ದಾರೆ, ಕುಣಿದಿದ್ದಾರೆ. ಆ ದಿನ ಆ ಗುಡ್ಡದ ಮೇಲೆ ಇಬ್ಬರು ಹೆಂಗಸರು ಒಂದು ಅಂಗೈಯಗಲದ ತೂತಿನಲ್ಲಿ ಮಾಡಿದ್ದರ ಮುಂದೆ ಅದೆಲ್ಲ ಬರೀ ಕೈಕಾಲು ಆಡಿಸಿದ್ದು. ಒಬ್ಬಳು ರಸ್ತೆ ನೋಡುತ್ತಿದ್ದಳು, ಸರಳು ನೋಡುತ್ತಿರಲಿಲ್ಲ. ಇನ್ನೊಬ್ಬಳು ಹೆಲ್ಮೆಟ್ಟಿನೊಳಗೆ ಕಣ್ಣು ಮುಚ್ಚಿ ಎರಡನ್ನೂ ನೋಡುತ್ತಿರಲಿಲ್ಲ. ತಿರುವು ಬರುವ ಮುಂಚೆ ತಂಗಿಯ ತೊಡೆ ಬಿಗಿಯುವುದು ಅಕ್ಕನ ಭುಜಕ್ಕೆ ತಿಳಿಯುತ್ತಿತ್ತು. ಇಳಿಸುವ ಗೇರೋ ಏರಿಸುವ ಗೇರೋ ಎಂಬುದು ಎಂಜಿನ್ನಿನ ದನಿಯಲ್ಲಿ ಗೊತ್ತಾಗುತ್ತಿತ್ತು. ಎಂದೂ ಯಾರಿಗೂ ಕಾಯದ ಗಾಳಿ ಪ್ರತಿ ಸಲವೂ ನಡುವೆ ಆ ಒಂದು ಉಸಿರು ಕಾದಳು.

ಮೊಣಕೈ ತಿರುವು ಬಂತು. ಮೂರರಿಂದ ಎರಡಕ್ಕೆ ಇಳಿಯಬೇಕು. ಕಾರು ಓರೆಯಾಯಿತು, ಗೇರಕ್ಕನ ಮೈ ತಂಗಿಯ ಮೇಲೆ ಒರಗಿತು, ಮೊನೆ ಕಚ್ಚು ತಪ್ಪಿ ಸರಳಿನ ಬೆನ್ನ ಮೇಲೆ ಜಾರಿತು. ಹಿಡಿಕೆ ನಡುವಿನಲ್ಲಿತ್ತು. ಗಾಳಿಯ ಕೈ ಅದರ ಮೇಲಿತ್ತು, ಎರಡಕ್ಕೆ ಎಳೆಯಲು ಸಿದ್ಧವಾಗಿತ್ತು. ವೇಗ ಸೋರಿಹೋಗುತ್ತಿತ್ತು. ಹುಲ್ಲಿನ ಮೆದೆಯ ಬಳಿ ನಿಂತವರು ‘ಓ’ ಎಂದರು. ಗಾಳಿ ಎಳೆಯಲಿಲ್ಲ. ಆಕ್ಸಿಲರೇಟರನ್ನು ಇನ್ನೊಮ್ಮೆ ಒತ್ತಿದಳು, ಇನ್ನೊಂದು ಉಸಿರು ಕೊಟ್ಟಳು. ಗೇರಕ್ಕ ಸ್ಕ್ರೂಡ್ರೈವರು ಬಿಟ್ಟು ತೋರುಬೆರಳನ್ನೇ ತೂತಿನೊಳಗೆ ಇಳಿಸಿ, ಎಣ್ಣೆಯಲ್ಲಿ ಕಚ್ಚು ತಡಕಿ, ಬೆರಳನ್ನು ಅಲ್ಲಿ ಬೆಣೆಯಂತೆ ಒತ್ತಿದಳು.

“ಹೂಂ!” ಎಂದಳು.

ಎರಡನೇ ಗೇರು ಬಿತ್ತು. ಪಕ್ಕದ ಸರಳು ಬೆರಳ ಚರ್ಮವನ್ನು ಸವರಿಕೊಂಡು ಹೋಯಿತು. ಮಿಡತೆ ತಿರುವನ್ನು ಹೊಟ್ಟೆಗೆ ಹಾಕಿಕೊಂಡು ಮೇಲಕ್ಕೆ ಚಿಮ್ಮಿತು. ಹುಲ್ಲು ಹಾರಿತು, ಜನರ ಟೋಪಿ ಹಾರಿದವು. ಒಬ್ಬರ ಕೊಡೆಯೂ ಹಾರಿತು ಎನ್ನುವವರಿದ್ದಾರೆ.

ನೆತ್ತಿಯ ಬಯಲಿನಲ್ಲಿ ಗಾಳಿ ಕಾರನ್ನು ರಸ್ತೆಯಂಚಿಗೆ ತಂದು ಎಂಜಿನ್ನು ಆರಿಸಿದಳು. ಧ್ವನಿವರ್ಧಕ ಯಾವುದೋ ಸಮಯ ಹೇಳಿತು, ಕೆಳಗಿನಿಂದ ಕೂಗು ಎದ್ದಿತು. ಅಷ್ಟು ದೂರಕ್ಕೆ ಅದು ಖುಷಿಯದ್ದೋ ಅಲ್ಲವೋ ತಿಳಿಯುವಂತಿರಲಿಲ್ಲ. ಬಿಸಿ ಲೋಹ ತಣ್ಣಗಾಗುತ್ತ ಸಣ್ಣಗೆ ಸಿಡಿಯುತ್ತಿತ್ತು. ಬಯಲಿನ ಹುಲ್ಲು ಒಂದೇ ಕಡೆಗೆ ಬಾಗಿ ಏಳುತ್ತಿತ್ತು.

“ಅಕ್ಕಾ, ಬಂದ್ವಿ.”

ಗೇರಕ್ಕ ಕದಲಲಿಲ್ಲ. ಹೆಲ್ಮೆಟ್ಟು ಮೂಗಿನವರೆಗೆ ಇಳಿದಿತ್ತು. ಬೆರಳು ಇನ್ನೂ ತೂತಿನೊಳಗೇ ಇತ್ತು, ಉಳಿದ ನಾಲ್ಕು ಬೆರಳು ರಿಮೋಟಿನ ಅಂಚನ್ನು ಕಚ್ಚಿ ಹಿಡಿದು ಬಿಳಿಚಿಕೊಂಡಿದ್ದವು. ಗಾಳಿ ಹೆಲ್ಮೆಟ್ಟು ಎತ್ತಿ ನೋಡಿದಳು. ಅಕ್ಕ ಕಣ್ಣು ಬಿಟ್ಟಿದ್ದಳು, ಎದುರಿನ ಬಯಲನ್ನು ಮೊದಲ ಸಲ ಕಂಡವಳಂತೆ ನೋಡುತ್ತಿದ್ದಳು.

ಗಾಳಿ ಬಗ್ಗಿ, ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಹೆಬ್ಬೆರಳು ಬಂತು. ಎಣ್ಣೆಯೂ ಒಂದಿಷ್ಟು ರಕ್ತವೂ ಮೆತ್ತಿದ ತೋರುಬೆರಳನ್ನು ಮೆಲ್ಲಗೆ ಮೇಲೆತ್ತಿ ತನ್ನ ಅಂಗಿಯ ತುದಿಯಲ್ಲಿ ಒರೆಸಿದಳು. ನಡುಬೆರಳು, ಉಂಗುರದ ಬೆರಳು. ಕಿರುಬೆರಳಿಗೆ ಬಂದಾಗ ಅವಳು ಬಿಡಿಸಲಿಲ್ಲ. ಅದನ್ನು ತನ್ನ ಮುಷ್ಟಿಯೊಳಗೆ ಇಟ್ಟುಕೊಂಡು, ಹುಲ್ಲು ಬಾಗುವುದನ್ನು ನೋಡುತ್ತ ಕುಳಿತಳು.